ಲಂಗೋಟಿಯೋ, ಬಟ್ಟೆ ಡೈಪರೋ, ಅಂಗಡಿ ಡೈಪರೋ? ಮೊದಲು ಒಣಹಾಕುವ ಹಗ್ಗ ನೋಡಿ

ಮಗುವಿಗೆ ಯಾವ ಡೈಪರ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮನೆಯಲ್ಲಿ ಬಟ್ಟೆ ಒಣಹಾಕೋಕೆ ಜಾಗ ಎಷ್ಟಿದೆ? ಒಗೆಯೋರು ಯಾರು? ಕಂಪನಿ, ಬೆಲೆ, ಮೇಲಿರೋ ಆನೆ ಚಿತ್ರ ಎಲ್ಲಾ ಆಮೇಲೆ. ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ತೀರ್ಮಾನ ಆದ ಹಾಗೇ.

ಯಾಕೆ ಅಂದರೆ ಈ ವಿಷಯದಲ್ಲಿ ಮನೆಯವರೆಲ್ಲ ಅವರವರ ಕಾಲದ ಮಾತು ಆಡುತ್ತಾರೆ. ಅಜ್ಜಿ "ಆ ಪ್ಲಾಸ್ಟಿಕ್ ಚಡ್ಡಿ ಹಾಕಿದ್ರೆ ಮಗುಗೆ ಉಷ್ಣ ಆಗುತ್ತೆ" ಅನ್ನುತ್ತಾರೆ, ಅತ್ತಿಗೆ "ಅಯ್ಯೋ ಡೈಪರ್ ಇಲ್ದೆ ಹೆಂಗೆ ನಿದ್ದೆ ಮಾಡ್ತೀಯ" ಅನ್ನುತ್ತಾಳೆ, ಮೊಬೈಲು ತೆಗೆದರೆ ಬಣ್ಣಬಣ್ಣದ ಬಟ್ಟೆ ಡೈಪರಿನ ಜಾಹೀರಾತು. ಮೂವರು ಹೇಳುವುದೂ ಒಂದೊಂದು ಮನೆಗೆ ಸರಿ. ನಿಮ್ಮ ಮನೆಗೆ ಯಾವುದು ಅನ್ನೋದೇ ಪ್ರಶ್ನೆ.

ದಾರಿ ಮೂರಿವೆ. ಹಳೇ ಪಂಚೆ, ಸೀರೆ ಹರಿದು ಮಾಡುವ ಲಂಗೋಟಿ. ಗುಂಡಿ, ಎಲಾಸ್ಟಿಕ್ ಇರುವ, ಒಗೆದು ಮತ್ತೆ ಹಾಕುವ ಬಟ್ಟೆ ಡೈಪರ್. ಒಂದು ಸಲ ಹಾಕಿ ಬಿಸಾಡುವ ಅಂಗಡಿ ಡೈಪರ್. ಏನೂ ಹಾಕದೇ ಬಿಡುವುದು ಅಂತ ನಾಲ್ಕನೆಯದೂ ಇದೆ, ಅದು ಆಮೇಲೆ.

ಮೊದಲು ದುಡ್ಡಿನ ಲೆಕ್ಕ

ಅಂಗಡಿ ಡೈಪರ್ ಒಂದಕ್ಕೆ ಸೈಜು, ಕಂಪನಿ, ಆಫರ್ ಎಲ್ಲಾ ನೋಡಿ 8ರಿಂದ 15 ರೂಪಾಯಿ ಅಂತ ಇಟ್ಟುಕೊಳ್ಳಿ. 10 ರೂಪಾಯಿಯದು ದಿನಕ್ಕೆ ಆರು ಅಂದರೆ 60 ರೂಪಾಯಿ. ತಿಂಗಳಿಗೆ 1,800. ಎರಡು ವರ್ಷಕ್ಕೆ 43,000 ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ ನಿಜ, ಆದರೆ ಅದರಿಂದ ಈ ಲೆಕ್ಕ ತಲೆಕೆಳಗೇನೂ ಆಗಲ್ಲ. ಅದೇ ಡೈಪರನ್ನು ರಾತ್ರಿಗೆ ಒಂದೇ ಒಂದು ಅಂತ ಹಾಕಿದರೆ ತಿಂಗಳಿಗೆ 300 ರೂಪಾಯಿ. 1,800ಕ್ಕೂ 300ಕ್ಕೂ ಎಷ್ಟು ವ್ಯತ್ಯಾಸ ನೋಡಿ. ಉಳಿತಾಯ ಅಂದರೆ ಒಂದೂ ಕೊಳ್ಳಬಾರದು ಅಂತಲ್ಲ.

ಬಟ್ಟೆ ಡೈಪರ್ ಒಂದಕ್ಕೆ 300ರಿಂದ 800 ರೂಪಾಯಿವರೆಗೂ ಇದೆ. ಒಂದು ದಿನ ಬಿಟ್ಟು ಒಂದು ದಿನ ಒಗೆಯುವುದಾದರೆ ಹನ್ನೆರಡಾದರೂ ಬೇಕು. 500ರಂತೆ 6,000 ಆಯಿತು. ಮೇಲೆ ಒಂದಷ್ಟು ಒಳಗಿಡುವ ಪ್ಯಾಡು. ದುಡ್ಡು ಒಂದೇ ಸಲ ಕೈಬಿಡುವುದರಿಂದ ಎದೆ ಧಸಕ್ ಅನ್ನುತ್ತದೆ, ಆದರೆ ಎರಡನೇ ಮಗುವಿಗೂ ಬರುತ್ತದೆ.

ಲಂಗೋಟಿಗೆ ಹಳೇ ಬಟ್ಟೆ ಇದ್ದರೆ ಖರ್ಚೇ ಇಲ್ಲ. ಎಂಟು ಮೊಳದ ಪಂಚೆ ಸುಮಾರು ಮೂರೂವರೆ ಮೀಟರಿಗಿಂತ ಒಂದಿಷ್ಟು ಜಾಸ್ತಿ ಉದ್ದ, ಒಂದೂಕಾಲು ಮೀಟರ್ ಅಗಲ ಇರುತ್ತದೆ. 60 ಸೆಂಟಿಮೀಟರಿನ ಚೌಕ ಕತ್ತರಿಸಿದರೆ ಹನ್ನೆರಡು ಬರುತ್ತವೆ. ಅಂಥ ಮೂರು ಪಂಚೆ ಇದ್ದರೆ ಎಳೇ ಮಗುವಿಗೆ ಆರಾಮಾಗಿ ಸಾಕು. ತುಂಬಾ ಒಗೆದೂ ಒಗೆದೂ ಮೆತ್ತಗಾದ ಬಟ್ಟೆಯೇ ಬೇಕು. ಹೊಸ ಪಂಚೆಗೆ ಗಂಜಿ ಇರುತ್ತದೆ, ನೀರು ಹೀರಲ್ಲ, ಚುಚ್ಚುತ್ತದೆ. ಪಾಲಿಯೆಸ್ಟರ್ ಬೆರೆತ ಪಂಚೆ ಬೇಡವೇ ಬೇಡ. ಬಟ್ಟೆಯ ಮೇಲೆ ಒಂದು ಹನಿ ನೀರು ಹಾಕಿ ನೋಡಿ: ತಕ್ಷಣ ಇಂಗಿದರೆ ಹತ್ತಿ, ಗುಂಡಗೆ ಕೂತರೆ ಅದು ಬೇರೆ ಕೆಲಸಕ್ಕೆ.

ಆದರೆ ಲಂಗೋಟಿ ಪುಕ್ಕಟೆ ಅನ್ನುವಾಗ ಒಂದು ಲೆಕ್ಕ ತಪ್ಪಿಹೋಗುತ್ತದೆ. ಎಳೇ ಮಗು ದಿನಕ್ಕೆ ಹದಿನೈದು ಇಪ್ಪತ್ತು ಸಲ ಉಚ್ಚೆ ಹುಯ್ಯಬಹುದು. ಪ್ರತಿ ಸಲ ಲಂಗೋಟಿ ಒಂದೇ ಅಲ್ಲ, ಕೆಳಗಿನ ಬಟ್ಟೆ, ಹೊದಿಸಿದ ಬಟ್ಟೆ, ಎತ್ತಿಕೊಂಡವರ ಸೀರೆ, ಎಲ್ಲಾ ಒದ್ದೆ. ನಾಲ್ಕೈದು ಬಕೆಟ್ ನೀರು, ಸೋಪು, ಒಂದೂವರೆ ಎರಡು ಗಂಟೆ ಕೆಲಸ. ಬಾಣಂತಿ ತಣ್ಣೀರಿಗೆ ಕೈ ಹಾಕಬಾರದು ಅನ್ನುವ ಮನೆಗಳಲ್ಲಿ ಆ ಕೆಲಸ ಅವಳ ತಾಯಿಯದು. ಅರವತ್ತರ ಆಸುಪಾಸಿನ, ಮಂಡಿನೋವಿನ ಹೆಂಗಸು ಕಲ್ಲಿನ ಮುಂದೆ ಕೂತು ಬಟ್ಟೆ ಕುಸುಬುತ್ತಾ ಇರುತ್ತಾರೆ, ನಾವು ಒಳಗೆ ಕೂತು "ಖರ್ಚೇ ಇಲ್ಲ" ಅನ್ನುತ್ತೇವೆ! ಕೆಲಸದವರು ಒಗೆಯುವುದಾದರೆ ಮಗುವಿನ ಬಟ್ಟೆಗೆ ಬೇರೆ ಸಂಬಳ ಮಾತಾಡಿಕೊಳ್ಳಿ, ಇರೋ ಸಂಬಳದಲ್ಲೇ ತೂರಿಸಬೇಡಿ. ಮನೆಯ ಗಂಡಸರು ಒಗೆಯುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಪ್ಪ ಅನ್ನಿಸಿಕೊಂಡವನಿಗೆ ಬರುವ ಕೆಲಸವೇ ಅದು, ಕಲಿಸೋಕೆ ಐದು ನಿಮಿಷ ಸಾಕು.

ಮೆಷಿನ್ ಇದ್ದರೆ ಅರ್ಧ ಭಾರ ಇಳಿಯಿತು. ತಣ್ಣೀರಿನಲ್ಲಿ ಒಂದು ಸಲ ಓಡಿದರೆ ಸಾಮಾನ್ಯವಾಗಿ ಅರ್ಧ ಯೂನಿಟ್ಟೂ ಆಗಲ್ಲ, ಹಾಗಾಗಿ ಕರೆಂಟಿಗೆ ಹೆದರಬೇಕಿಲ್ಲ. ಗೃಹಜ್ಯೋತಿ ಇರುವ ಮನೆಯವರು ಮಾತ್ರ ತಮ್ಮ ಮಿತಿಯ ಮೇಲೊಂದು ಕಣ್ಣಿಡಿ, ಮಗು ಬಂದ ಮೇಲೆ ಗೀಸರ್, ಮೆಷಿನ್, ಫ್ಯಾನು ಎಲ್ಲಾ ಸೇರಿ ಜಾಸ್ತಿ ಓಡುತ್ತವೆ.

ಲಂಗೋಟಿ ಗೆಲ್ಲುವುದು ಎಲ್ಲಿ

ಮೊದಲ ಎರಡು ಮೂರು ತಿಂಗಳು ಹಗಲು ಹೊತ್ತು ಲಂಗೋಟಿಯೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ. ಕಾರಣ ದುಡ್ಡಲ್ಲ. ಎದೆಹಾಲು ಸಾಕಾಗುತ್ತಿದೆಯೋ ಇಲ್ಲವೋ ಅನ್ನುವ ಚಿಂತೆ ಎಲ್ಲ ಬಾಣಂತಿಗೂ ಇರುತ್ತದೆ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೂ "ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡ್ತಿದೆ" ಅಂತಲೇ. ಹುಟ್ಟಿ ಐದಾರು ದಿನ ಆದಮೇಲೆ ದಿನಕ್ಕೆ ಆರು ಸಲವಾದರೂ ಆಗಬೇಕು. ಲಂಗೋಟಿಯಲ್ಲಿ ಎಷ್ಟು ಸಲ ಅಂತ ಎಣಿಸಬಹುದು, ಬಣ್ಣ ನೋಡಬಹುದು. ಅಂಗಡಿ ಡೈಪರ್ ಎಲ್ಲವನ್ನೂ ನುಂಗಿ ಸುಮ್ನೆ ಕೂತಿರುತ್ತದೆ. ಹೊರಗೆ ಹಳದಿ ಗೆರೆ ನೀಲಿಗೆ ತಿರುಗುವ ಡೈಪರುಗಳೂ ಇವೆ, ಆದರೆ ಒಂದು ಸಲವೋ ಮೂರು ಸಲವೋ ಅಂತ ಆ ಗೆರೆ ಹೇಳಲ್ಲ.

ಕಟ್ಟುವುದು ಹೀಗೆ. ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿ. ಇನ್ನೊಂದು ತುಂಡನ್ನು ಉದ್ದಕ್ಕೆ ಮಡಚಿ ಮಧ್ಯದಲ್ಲಿ ಇಡಿ, ಗಂಡು ಮಗುವಾದರೆ ಮುಂದಕ್ಕೆ ದಪ್ಪ ಬರಲಿ, ಹೆಣ್ಣು ಮಗುವಾದರೆ ನಡುವಿನಿಂದ ಹಿಂದಕ್ಕೆ. ಎರಡು ತುದಿ ಸೊಂಟದ ಮೇಲೆ ತಂದು, ಕಾಲ ಸಂದಿಯಿಂದ ಬಂದ ತುದಿಯನ್ನು ಸೇರಿಸಿ ಸಡಿಲವಾಗಿ ಗಂಟು ಹಾಕಿ. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ಹೊಕ್ಕುಳ ಬಳ್ಳಿ ಬೀಳುವವರೆಗೆ, ಅಂದರೆ ಸಾಮಾನ್ಯವಾಗಿ ಒಂದೆರಡು ವಾರ, ಗಂಟು ಹೊಕ್ಕುಳಿಗಿಂತ ಕೆಳಗೇ ಇರಬೇಕು. ಪಿನ್ನು ಬೇಡ. ಲಾಡಿ ಹೊಲಿದಿರುವ ಲಂಗೋಟಿ ಪೇಟೆಯಲ್ಲಿ ಸಿಗುತ್ತವೆ, ಮನೆಯಲ್ಲೇ ಹೊಲಿದರೆ ಇನ್ನೂ ವಾಸಿ. ಮಗುವಿನ ಕಾಲು ನೇರ ಎಳೆದು ಬಿಗಿಯಾಗಿ ಸುತ್ತಬೇಡಿ, ಕಾಲು ನೇರ ಆಗಲಿ ಅಂತ ಹಿರಿಯರು ಹೇಳಿದರೂ ಬೇಡ. ಸೊಂಟದ ಕೀಲು ಆಗಿನ್ನೂ ಎಳಸು, ಕಪ್ಪೆ ಕಾಲಿನ ಹಾಗೆ ಮಡಚಿಕೊಂಡೇ ಇರಬೇಕು.

ಒಗೆಯುವಾಗ ಮೊದಲು ಕಕ್ಕವನ್ನು ಟಾಯ್ಲೆಟ್ಟಿಗೆ ತೊಳೆದುಬಿಡಿ. ಆಮೇಲೆ ತಣ್ಣೀರು. ಬಿಸಿನೀರು ಮೊದಲೇ ಹುಯ್ದರೆ ಕಲೆ ಕೂತುಬಿಡುತ್ತದೆ. ಎದೆಹಾಲು ಕುಡಿಯುವ ಮಗುವಿನ ಹಳದಿ ಕಲೆ ಸೋಪಿಗೆ ಹೋಗದಿದ್ದರೂ ಒದ್ದೆ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಒಂದೆರಡು ದಿನದಲ್ಲಿ ಮಾಯ. ಮಲೆನಾಡು, ಕರಾವಳಿ ಕಡೆ ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ ಒಗೆಯುತ್ತಾರೆ, ಅದು ಈಗಲೂ ಒಳ್ಳೆಯದೇ. ಆಂಟಿಸೆಪ್ಟಿಕ್ ದ್ರಾವಣ ಬಕೆಟ್ಟಿಗೆ ಮುಚ್ಚಳಗಟ್ಟಲೆ ಸುರಿಯುವುದು ಬೇಡ, ಬಟ್ಟೆಯಲ್ಲಿ ಉಳಿದರೆ ಎಳೇ ಚರ್ಮ ಉರಿಯುತ್ತದೆ. ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಬಿಸಿಲು ತೋರಿಸಿದರೆ ಸಾಕು.

ಬಟ್ಟೆ ಡೈಪರ್: ಎಲ್ಲರಿಗೂ ಅಲ್ಲ

ಹೊರಗಿನ ಕವರು ಪಿಯುಎಲ್ ಅನ್ನುವ ಬಟ್ಟೆ. ಒಂದು ಬದಿಗೆ ಪಾಲಿಯೂರಿಥೇನ್ ಪದರ ಮೆತ್ತಿರುತ್ತದೆ, ಅದರಿಂದ ನೀರು ಆಚೆ ಬರಲ್ಲ. ಒಳಗೆ ಪ್ಯಾಡು. ಮುಂದೆ ಸಾಲಾಗಿ ಗುಂಡಿ, ಮಗು ಬೆಳೆದ ಹಾಗೆ ಬಿಚ್ಚಿ ದೊಡ್ಡದು ಮಾಡಬಹುದು, 5 ಕೆಜಿಯಿಂದ ಹೆಚ್ಚುಕಡಿಮೆ ಮೂರು ವರ್ಷದವರೆಗೂ ಬರುತ್ತದೆ ಅಂತ ಮಾರುತ್ತಾರೆ. ನಮ್ಮಲ್ಲಿ ಮಕ್ಕಳು ಹುಟ್ಟುವಾಗ ಮೂರು ಕೆಜಿ ಆಸುಪಾಸು ಇರುತ್ತವೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಅದು ತೊಡೆ ಹತ್ತಿರ ಬಾಯಿ ಬಿಟ್ಟುಕೊಂಡು ಸೋರುತ್ತದೆ. ಸೀಮಂತಕ್ಕೆ ಉಡುಗೊರೆ ಬಂದಿದ್ದರೆ ಎತ್ತಿಡಿ, ಎರಡು ಮೂರು ತಿಂಗಳಾದ ಮೇಲೆ ತೆಗೆಯಿರಿ.

ಕೊಂಡ ಹೊಸದರಲ್ಲಿ ನಾಲ್ಕೈದು ಸಲ ಒಗೆದು ಒಣಗಿಸದೆ ಪ್ಯಾಡು ಸರಿಯಾಗಿ ಹೀರಲ್ಲ. "ದುಡ್ಡು ದಂಡ, ಅರ್ಧ ಗಂಟೆಗೇ ಸೋರಿತು" ಅನ್ನುವವರಲ್ಲಿ ಮುಕ್ಕಾಲು ಜನ ಇದನ್ನು ಮಾಡಿರಲ್ಲ. ಒಗೆಯುವಾಗ ಫ್ಯಾಬ್ರಿಕ್ ಕಂಡಿಷನರ್ ಹಾಕಬೇಡಿ, ಅದು ಎಳೆಗಳ ಮೇಲೆ ಜಿಡ್ಡಿನ ಪದರ ಬಿಡುತ್ತದೆ. ಕೊಬ್ಬರಿ ಎಣ್ಣೆ, ರ‍್ಯಾಶ್ ಕ್ರೀಮು ಢಾಳಾಗಿ ಮೆತ್ತಿ ಈ ಡೈಪರ್ ಹಾಕಿದರೂ ಅದೇ ಗತಿ. ಕವರಿಗೆ ಇಸ್ತ್ರಿ, ಕುದಿಯುವ ನೀರು ತಾಗಿಸಬೇಡಿ. ಪ್ಯಾಡನ್ನು ಬಿಸಿಲಿಗೆ, ಕವರನ್ನು ನೆರಳಿಗೆ. ಮೈಕ್ರೋಫೈಬರ್ ಪ್ಯಾಡು ಅಗ್ಗ, ಬೇಗ ಹೀರುತ್ತದೆ, ಆದರೆ ನೇರ ಮೈಗೆ ತಾಗಬಾರದು, ಚರ್ಮದ ತೇವವನ್ನೂ ಎಳೆದುಕೊಳ್ಳುತ್ತದೆ. ಹತ್ತಿಯ ಪ್ಯಾಡು ನಿಧಾನ, ಆದರೆ ಜಾಸ್ತಿ ಹಿಡಿಯುತ್ತದೆ.

ಇಲ್ಲೊಂದು ಉಳಿತಾಯದ ದಾರಿ ಇದೆ, ಜಾಹೀರಾತಿನವರು ಹೇಳಲ್ಲ. ಕವರು ಮಾತ್ರ ನಾಲ್ಕೈದು ಕೊಳ್ಳಿ. ಒಳಗೆ ಪ್ಯಾಡಿನ ಬದಲು ಅದೇ ಹಳೇ ಪಂಚೆಯ ಚೌಕವನ್ನು ನಾಲ್ಕೈದು ಮಡಿಕೆ ಮಾಡಿ ಇಡಿ. ಕಕ್ಕ ತಾಗದಿದ್ದರೆ ಕವರನ್ನು ಒರೆಸಿ ಮತ್ತೆ ಹಾಕಬಹುದು, ಬಟ್ಟೆ ಮಾತ್ರ ಬದಲಾಯಿಸಿ. ದಪ್ಪ ಪ್ಯಾಡು ಒಣಗೋಕೆ ಒಂದು ದಿನ ಬೇಕಾದರೆ ಮಡಿಕೆ ಬಿಚ್ಚಿದ ಪಂಚೆ ಬಟ್ಟೆ ಒಳ್ಳೇ ಗಾಳಿಗೆ ಎರಡು ಗಂಟೆಯಲ್ಲಿ ಗರಿಗರಿ. ಎರಡು ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸ ಇದು.

ಹಗ್ಗದ ಮಾತು

ಬಯಲುಸೀಮೆಯಲ್ಲಿ ಮಹಡಿ ಮೇಲೆ ಹಗ್ಗ ಇರುವವರಿಗೆ ಈ ಭಾಗ ಬೇಕಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಶೃಂಗೇರಿ, ಮಡಿಕೇರಿ ಕಡೆ ಮಗು ಹುಟ್ಟಿದರೆ ಬಟ್ಟೆ ಒಣಗಿಸುವುದೇ ಒಂದು ದೊಡ್ಡ ಸಂಸಾರ. ಬಚ್ಚಲ ಒಲೆ ಪಕ್ಕದಲ್ಲಿ ಬಿದಿರಿನ ಗಳ ಕಟ್ಟಿ ಹಾಕುತ್ತಾರೆ, ಒಣಗುತ್ತದೆ, ಆದರೆ ಹೊಗೆ ವಾಸನೆ ಬಿಡಲ್ಲ. ಅರ್ಧ ಒಣಗಿದ ಬಟ್ಟೆ ಮಾತ್ರ ಮಗುವಿಗೆ ಕಟ್ಟಲೇಬೇಡಿ, ಮುಗ್ಗಲು ವಾಸನೆ ಬಂದರೆ ಮತ್ತೆ ಒಗೆಯಿರಿ. ಅಂಥ ಊರಲ್ಲಿ ಮಳೆಗಾಲದ ನಾಲ್ಕು ತಿಂಗಳು ಅಂಗಡಿ ಡೈಪರಿಗೆ ಕೈ ಬಿಚ್ಚಿ ಖರ್ಚು ಮಾಡಿ, ಯಾರ ಮಾತೂ ಕೇಳಬೇಡಿ. ಒಂದೇ ಕಿಟಕಿಯ ಬಾಡಿಗೆ ಮನೆಯಲ್ಲಿ, ಓನರ್ ಮಹಡಿಗೆ ಬೀಗ ಹಾಕಿಕೊಂಡಿರುವ ಕಡೆಯೂ ಇದೇ ಮಾತು. ತೆಳು ಲಂಗೋಟಿ ಫ್ಯಾನಿನ ಕೆಳಗೆ ಒಣಗಬಹುದು, ದಪ್ಪ ಪ್ಯಾಡು ಆಗಲ್ಲ.

ನೀರಿನದೂ ಹಾಗೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆಯಲ್ಲ? ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟು ಲಂಗೋಟಿ ಒಗೆಯುವ ಮನೆಯಲ್ಲಿ ಉಳಿತಾಯದ ಲೆಕ್ಕವೇ ಬೇರೆ. ಬೋರ್‌ವೆಲ್ ಗಡಸು ನೀರಾದರೆ ಸೋಪು ನೊರೆ ಬರಲ್ಲ, ನಾಲ್ಕು ತಿಂಗಳಲ್ಲಿ ಬಟ್ಟೆ ಹಪ್ಪಳ. ಕೊನೆಯ ಜಾಲಿಸುವಿಕೆಗಾದರೂ ನಲ್ಲಿ ನೀರೋ ಮಳೆನೀರೋ ಇಟ್ಟುಕೊಳ್ಳಿ.

ಪರಿಸರದ ದೃಷ್ಟಿಯಿಂದ ಬಟ್ಟೆಯೇ ಮೇಲು ಅನ್ನುವ ಮಾತಿಗೂ ಒಂದು ಷರತ್ತಿದೆ. ಬ್ರಿಟನ್ನಿನ ಪರಿಸರ ಇಲಾಖೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿನೀರಲ್ಲಿ ಒಗೆದು ಡ್ರೈಯರಿನಲ್ಲಿ ಒಣಗಿಸಿದರೆ ಬಟ್ಟೆಯ ಲಾಭ ಕರಗಿಹೋಗುತ್ತದೆ ಅಂತ ಕಂಡಿತು. ಹಗ್ಗಕ್ಕೆ ಹಾಕಿ, ಮೆಷಿನ್ ತುಂಬಿದ ಮೇಲೇ ಒಗೆದು, ಎರಡನೇ ಮಗುವಿಗೂ ಬಳಸಿದರೆ ಬಟ್ಟೆಯೇ ಗೆಲ್ಲುತ್ತದೆ. ಅದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡದೆ ನಡೆಯುವ ಪದ್ಧತಿ.

ಅಂಗಡಿ ಡೈಪರ್: ಬೈಯೋದು ಬೇಡ, ಅಳತೆ ಇರಲಿ

ಒಳಗೆ ಮರದ ತಿರುಳು, ಜೊತೆಗೆ ಸೋಡಿಯಂ ಪಾಲಿಅಕ್ರಿಲೇಟ್ ಅನ್ನುವ ಹರಳು. ಉಚ್ಚೆ ತಾಗಿದ ಕೂಡಲೇ ಅದು ಉಬ್ಬಿ ಜೆಲ್ಲಿ ಆಗುತ್ತದೆ. ಅಪ್ಪಿತಪ್ಪಿ ಡೈಪರ್ ಒಂದು ವಾಷಿಂಗ್ ಮೆಷಿನ್‌ಗೆ ಬಿದ್ದವರಿಗೆ ಆ ಜೆಲ್ಲಿ ಏನು ಅಂತ ಗೊತ್ತಿರುತ್ತದೆ, ಸಾಬೂದಾನಿ ಚೆಲ್ಲಿದ ಹಾಗೆ ಎಲ್ಲ ಬಟ್ಟೆಗೂ ಅಂಟಿರುತ್ತದೆ.

ರಾತ್ರಿ ನಿದ್ದೆ, ಊರಿಗೆ ಬಸ್ಸಿನಲ್ಲಿ ಹೋಗುವಾಗ, ಮದುವೆ ಮನೆ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಇಂಜೆಕ್ಷನ್ ಹಾಕಿಸಿ ಮಗುವಿಗೆ ಮೈ ಬಿಸಿಯಾಗಿ ರಚ್ಚೆ ಹಿಡಿದ ದಿನ, ಇಲ್ಲೆಲ್ಲ ಅದಕ್ಕೆ ಸಮ ಬೇರೆ ಇಲ್ಲ. ಡೇಕೇರಿನವರಲ್ಲಿ ಬಹಳಷ್ಟು ಕಡೆ ಬಟ್ಟೆ ಡೈಪರ್ ಒಪ್ಪಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ಪ್ಯಾಕೆಟ್ ಮೇಲೆ ಹನ್ನೆರಡು ಗಂಟೆ ಅಂತ ಬರೆದಿದೆ ಅಂತ ಹಗಲು ಹನ್ನೆರಡು ಗಂಟೆ ಬಿಡುವುದಲ್ಲ. ಮೂರು ನಾಲ್ಕು ಗಂಟೆಗೆ ಬದಲಾಯಿಸಿ, ಕಕ್ಕ ಮಾಡಿದರೆ ತಕ್ಷಣ. ಆಫರ್ ಇದೆ ಅಂತ ಸಣ್ಣ ಸೈಜಿನದು ಮೂಟೆಗಟ್ಟಲೆ ತರಬೇಡಿ. ಮಗುವಿನ ತೂಕ ಐದು ತಿಂಗಳಿಗೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಸೈಜು ಬೇಗ ದಾಟುತ್ತದೆ. ಮಗು ಹೊರಳದಿರುವಾಗ ಅಂಟಿಸುವ ನಮೂನೆ ಅನುಕೂಲ, ಅಂಬೆಗಾಲಿಟ್ಟು ಓಡುವ ಮಗುವನ್ನು ಹಿಡಿದು ಹಾಕೋಕೆ ಚಡ್ಡಿ ನಮೂನೆಯೇ ಸರಿ.

ಬಿಸಾಡುವ ವಿಷಯ ಬಂದರೆ ಎಲ್ಲರೂ ಆಚೆ ನೋಡುತ್ತಾರೆ. ಕಕ್ಕವನ್ನು ಟಾಯ್ಲೆಟ್ಟಿಗೆ ಉದುರಿಸಿ, ಡೈಪರನ್ನು ಸುತ್ತಿ, ಪೇಪರಿನಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಬಿಟ್ಟು ಇದಕ್ಕೇ ಕೆಂಪು ಡಬ್ಬಿ ಅಂತ ಇದೆ. ಹಸಿ ಕಸಕ್ಕೆ ತುರುಕಿದರೆ ಅದನ್ನು ಕೈಯಲ್ಲಿ ಆರಿಸುವವರು ಪೌರಕಾರ್ಮಿಕರು. ಕಸದ ಗಾಡಿ ಬಾರದ ಹಳ್ಳಿಯಲ್ಲಿ ಡೈಪರ್ ಹೋಗುವುದು ಹಳ್ಳಕ್ಕೆ ಇಲ್ಲಾ ಬೆಂಕಿಗೆ, ಎರಡೂ ಕೆಟ್ಟದ್ದೇ. ಹಳ್ಳಿಯಲ್ಲಿ ಅಂಗಳ, ಬಿಸಿಲು, ಹಗ್ಗ ಮೂರೂ ಇರುವಾಗ ಲಂಗೋಟಿಗೇ ಇನ್ನೂ ಹೆಚ್ಚು ಅಂಕ ಕೊಡಬೇಕು.

ರ‍್ಯಾಶ್ ಯಾವುದರಿಂದ ಬರುತ್ತದೆ ಅಂದರೆ, ಒದ್ದೆ ಮತ್ತು ಕಕ್ಕ ಹೆಚ್ಚು ಹೊತ್ತು ತಾಗಿಕೊಂಡಿರುವ ಯಾವುದರಿಂದ ಬೇಕಾದರೂ. ಒದ್ದೆ ಲಂಗೋಟಿಯಲ್ಲೇ ಮಲಗಿಸಿದ ಮಗುವಿಗೂ ಬರುತ್ತದೆ. ಬಟ್ಟೆ ಬಿಚ್ಚಿ ಗಾಳಿಯಾಡಲು ಬಿಡಿ, ಜಿಂಕ್ ಆಕ್ಸೈಡ್ ಇರುವ ಕ್ರೀಮು ಹಚ್ಚಿ. ಪೌಡರ್ ಬೇಡ, ಅದು ಮೂಗಿಗೆ ಹೋಗುತ್ತದೆ. ತೊಡೆ ಸಂದಿಯಲ್ಲಿ ಕೆಂಡದ ಹಾಗೆ ಕೆಂಪಾಗಿ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದು ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ.

ಏನೂ ಹಾಕದೇ ಇರುವುದು

ಕತ್ತು ನಿಂತ ಮೇಲೆ ಅಜ್ಜಿಯರು ಕಾಲು ನೀಡಿ ಕೂತು, ಎರಡು ಪಾದದ ಮೇಲೆ ಮಗುವನ್ನು ಕೂರಿಸಿ "ಸ್ಸ್ಸ್" ಅನ್ನುತ್ತಾರಲ್ಲ, ಅದಕ್ಕಿಂತ ಅಗ್ಗದ ಡೈಪರ್ ಇಲ್ಲ. ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹೀಗೆ ಕೂರಿಸಿದರೆ ಎಷ್ಟೋ ಮಕ್ಕಳು ಬೆಳಗಿನ ಕಕ್ಕವನ್ನು ಅಲ್ಲೇ ಮುಗಿಸುತ್ತವೆ. ಆಗದಿದ್ದರೆ ಬಿಟ್ಟುಬಿಡಿ, ಬೈಯುವುದು, ಗಂಟೆಗಟ್ಟಲೆ ಕೂರಿಸುವುದು ಬೇಡ. ದಿನಕ್ಕೆ ಒಂದು ಕಕ್ಕದ ಬಟ್ಟೆ ಕಡಿಮೆ ಆದರೂ ಒಗೆಯುವವರಿಗೆ ಎಷ್ಟು ಹಗುರ! ಒಂದೂವರೆ ವರ್ಷ ದಾಟಿದ ಮೇಲೆ ಹಗಲು ಬರೀ ಹತ್ತಿ ಚಡ್ಡಿಯಲ್ಲಿ ಬಿಟ್ಟರೆ ಒದ್ದೆ ಆಗಿದ್ದು ಮಗುವಿಗೇ ಗೊತ್ತಾಗುತ್ತದೆ. ಮನೆಯಲ್ಲಿ ನೆಲ ಒರೆಸಲು ಬಲ್ಲವರೊಬ್ಬರು ಇರಬೇಕು ಅಷ್ಟೇ.

ಹಾಗಾದರೆ ಯಾವ ಮನೆಗೆ ಯಾವುದು? ತವರಿನಲ್ಲಿ ಬಾಣಂತನ, ಅಂಗಳ, ಒಗೆಯಲು ಕೈ ಇದೆ ಅಂದರೆ ಹಗಲು ಲಂಗೋಟಿ, ರಾತ್ರಿ ಒಂದು ಅಂಗಡಿ ಡೈಪರ್. ಗಂಡ ಹೆಂಡತಿ ಇಬ್ಬರೇ, ಮೆಷಿನ್ ಇದೆ, ಬಾಲ್ಕನಿಯಲ್ಲಿ ಬಿಸಿಲು ಬರುತ್ತದೆ ಅಂದರೆ ಮೂರನೇ ತಿಂಗಳಿಂದ ಕವರು ಮತ್ತು ಪಂಚೆ ಮಡಿಕೆ. ಮೆಷಿನ್ನೂ ಇಲ್ಲ, ಬಿಸಿಲೂ ಇಲ್ಲ, ಬಾಣಂತಿಗೆ ಸಹಾಯಕ್ಕೆ ಯಾರೂ ಇಲ್ಲ ಅಂದರೆ ಅಂಗಡಿ ಡೈಪರ್ ಹಾಕಿ, ಆಪರೇಷನ್ ಆಗಿ ಹೊಲಿಗೆ ಹಾಕಿಸಿಕೊಂಡಿರುವವಳಿಗಂತೂ ಇದರಲ್ಲಿ ಎರಡು ಮಾತೇ ಇಲ್ಲ. ಉಳಿತಾಯ ಬೇರೆ ಕಡೆ ಹುಡುಕಿ, ತೊಟ್ಟಿಲು ಕೊಳ್ಳೋದು ಬಿಟ್ಟು ಸೀರೆಯ ಜೋಲಿ ಕಟ್ಟಿ, ಐದಾರು ಸಾವಿರ ಅಲ್ಲೇ ಉಳಿಯುತ್ತದೆ.

ಬಟ್ಟೆ ಡೈಪರಿನ ಕವರನ್ನು ಅಕ್ಕತಂಗಿಯರಿಂದಲೋ ಪರಿಚಯದವರಿಂದಲೋ ಹಳೆಯದೇ ತೆಗೆದುಕೊಂಡರೂ ತಪ್ಪಿಲ್ಲ, ಲಂಗೋಟಿಯನ್ನು ಹಾಗೇ ತಾನೆ ದಾಟಿಸಿಕೊಂಡು ಬಂದಿದ್ದೇವೆ. ತೆಗೆದುಕೊಳ್ಳುವ ಮೊದಲು ಮೂರು ನೋಡಿ. ತೊಡೆಯ ಎಲಾಸ್ಟಿಕ್ ಎಳೆದು ಬಿಟ್ಟರೆ ವಾಪಸ್ ಬರಬೇಕು. ಗುಂಡಿಗಳು ಟಕ್ ಅಂತ ಕೂರಬೇಕು. ಕವರಿನ ಒಳಬದಿ ಬೆಳಕಿಗೆ ಹಿಡಿದಾಗ ಪದರ ಎದ್ದಿರಬಾರದು, ಬಿರುಕು ಬಿಟ್ಟಿರಬಾರದು. ಎದ್ದಿದ್ದರೆ ಅದು ಸೋರುತ್ತದೆ, ಪುಕ್ಕಟೆ ಕೊಟ್ಟರೂ ಬೇಡ.